ಕೊಪಣನಾಡಿನ ಐಕ್ಯವಿಚಾರ

ಜೀವನೂ ಪರಮನೂ ಒಂದೆಯೋ ಬೇರೆಯೋ ಎಂಬ ಪ್ರಶ್ನೆಯನ್ನು ಪ್ರಮಾಣಯುಕ್ತಿಗಳಿಂದ ಇತ್ಯರ್ಥಗೊಳಿಸಹೊರಟ ಪಂಡಿತರೂ, ಕೇಳುವ ‘ನಾನು’ ಅಡಗಿದಲ್ಲಿ ಪ್ರಶ್ನೆಯೂ ಅಡಗುವುದೆಂದು ನೆಚ್ಚಿ ಏಕತಾರಿ ಹಿಡಿದ ಅನುಭಾವಿಗಳೂ ತುಂಗಭದ್ರೆಯ ಎಡದಂಡೆಯ ಒಂದೇ ಸೀಮೆಯನ್ನು ತಮ್ಮ ನೆಲೆಯಾಗಿ ಮಾಡಿಕೊಂಡುದು ಕನ್ನಡದ ವಿಚಾರಚರಿತ್ರೆಯಲ್ಲಿ ತಕ್ಕಷ್ಟು ಗಮನಕ್ಕೆ ಬಾರದ ಸಂಗತಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳು ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದುದು 1997ರಲ್ಲಿ. ಆದರೆ ಕೊಪ್ಪಳಕ್ಕಿದ್ದ ಕೊಪಣವೆಂಬ ಹೆಸರು ‘ಕವಿರಾಜಮಾರ್ಗ’ದಷ್ಟು ಹಳೆಯದು. ಇಲ್ಲಿ ಐಕ್ಯದ ಸಿದ್ಧಾಂತ ಹಲವು ರೂಪ ತಾಳಿತು, ಒಮ್ಮೆ ಕಟುವಾಗಿ ಖಂಡನೆಗೂ ಒಳಗಾಯಿತು. ಅಹಂಕಾರವನ್ನು ಕಳೆಯಬೇಕೆಂಬ ಬೋಧೆಯನ್ನು ಮಾತ್ರ ಯಾವ ಮತವೂ ಸಡಿಲಬಿಡಲಿಲ್ಲ. ಈ ಎರಡನೆಯ ಎಳೆಯೇ ಈ ನಾಡಿನ ನಿಜವಾದ ಪರಂಪರೆಯೆಂಬುದು ನನ್ನ ಮತ.

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ 1931ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನಗಳು, ಸತ್ಫಲವೆಂಬುದು ದೊಡ್ಡವರ ಸೊತ್ತಲ್ಲ, ಉದ್ಯುಕ್ತನಾದರೆ ಅಲ್ಪನಿಗೂ ಅದು ಲಭ್ಯವೆಂಬ ತಾತ್ಪರ್ಯವನ್ನು ಹೇಳುತ್ತವೆ. ಆ ಬಳಿಕ ಈ ಬೆಟ್ಟಗಳು ಜೈನರ ಮಹಾತೀರ್ಥವಾದುವು. ‘ವರಾಂಗಚರಿತೆ’ಯ ಕರ್ತೃವಾದ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬಾತ ಇಲ್ಲಿನ ಬಂಡೆಯ ಮೇಲೆ ಕಡೆಯಿಸಿ, ಹಳಗನ್ನಡದಲ್ಲಿ ಒಂದು ಚಿಕ್ಕ ಬರಹವನ್ನು ಬರೆಯಿಸಿದ್ದಾನೆ, ಮಹಾಕಾವ್ಯವನ್ನು ರಚಿಸಿದ ಆಚಾರ್ಯರಿಗೆ ಮೂರ್ತಿಯೂ ಇಲ್ಲ, ಪ್ರಶಸ್ತಿಯೂ ಇಲ್ಲ, ಎರಡು ಅಡಿಗಳ ಗುರುತು ಮಾತ್ರ ಉಂಟು. ಜೈನದರ್ಶನ ಏಕಾತ್ಮವಾದವನ್ನು ಒಪ್ಪುವುದಿಲ್ಲ. ಆದರೆ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳಲ್ಲಿ ಮಾನವನ್ನು, ಎಂದರೆ ಅಹಂಕಾರವನ್ನು, ಎಣಿಸಿ, ಕಡೆಗೆ ದೇಹವನ್ನೂ ಸಲ್ಲೇಖನದಿಂದ ನಿರ್ಮಮವಾಗಿ ಬಿಡುವುದನ್ನು ಕಲಿಸಿದ ಆ ಶಿಸ್ತು ಮುಂದೆ ಬಂದವರಿಗೆ ನೆಲವನ್ನು ಹದಗೊಳಿಸಿತೆನ್ನಬಹುದು.

ಹಳೆಯ ಯಲಬುರ್ಗಾ ತಾಲೂಕಿನ ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಗುಡಿಯನ್ನು ಅಲ್ಲಿಯ ಶಾಸನ ದೇವಾಲಯಗಳ ಚಕ್ರವರ್ತಿಯೆಂದು ಕರೆದಿದೆ. ದೇವರಿಗೂ ದಂಡನಾಯಕನಿಗೂ ಒಂದೇ ಹೆಸರು. ತಂದೆಯ ಹೆಸರಿನಲ್ಲಿ ಮತ್ತೊಂದು ಗುಡಿ, ತಾಯಿಯ ಹೆಸರಿನಲ್ಲಿ ಇನ್ನೊಂದು. ಇಟಗಿಯ ಶಿಲ್ಪಸೌಂದರ್ಯಕ್ಕೆ ತಲೆಬಾಗುತ್ತಲೇ, ಕೆಲವು ದಶಕಗಳ ಅನಂತರ ಕಲ್ಯಾಣದ ಶರಣರು, ಕಟ್ಟಿಸಿದ ಗುಡಿಗಿಂತ ದೇಹದೇಗುಲವೇ ಮೇಲೆಂದುದು ಯಾವ ಬಗೆಯ ಅಭಿಮಾನಕ್ಕೆ ಉತ್ತರವಾಗಿದ್ದೀತೆಂದು ಊಹಿಸಿಕೊಳ್ಳುವುದು ಅನುಚಿತವಾಗಲಾರದು.

ಶರಣರ ಷಟ್‍ಸ್ಥಲದಲ್ಲಿ ಭಕ್ತನಿಂದ ಮೊದಲಾಗಿ ಮಾಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ ಸ್ಥಲಗಳನ್ನು ದಾಟಿ ಐಕ್ಯನಾಗುವವರೆಗಿನ ದಾರಿ ಕೇವಲ ತತ್ತ್ವನಿರ್ಣಯವಲ್ಲ, ನಡೆ. ಇದನ್ನು ಕಥೆಯಾಗಿ ಜನಮನದಲ್ಲಿ ನೆಲೆಗೊಳಿಸಿದವನು ಹದಿನೈದನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದಲ್ಲಿ, ಹೊಳೆಯಾಚೆಯ ವಿಜಯನಗರದಲ್ಲಿದ್ದ ಚಾಮರಸ. ಆತನ ‘ಪ್ರಭುಲಿಂಗಲೀಲೆ’ಯಲ್ಲಿ ಅಲ್ಲಮನು ಎದುರುಗೊಳ್ಳುವವರು ದುರ್ಜನರಲ್ಲವೆಂಬುದನ್ನು ಗಮನಿಸಬೇಕು. ಸೊನ್ನಲಿಗೆಯ ಸಿದ್ಧರಾಮನು ಕೆರೆ ಕಟ್ಟಿಸಿದ ಪುಣ್ಯವಂತ. ಗೋರಕ್ಷನು ಕತ್ತಿಯ ಪೆಟ್ಟಿಗೆ ಖಣಿಲೆನ್ನುವ ವಜ್ರದೇಹವನ್ನು ಸಾಧಿಸಿದ ಮಹಾಯೋಗಿ. ಒಬ್ಬನಲ್ಲಿ ಮಾಡಿದೆನೆಂಬುದು ಉಳಿದಿತ್ತು, ಇನ್ನೊಬ್ಬನಲ್ಲಿ ಸಾಧಿಸಿದೆನೆಂಬುದು. ಅದೇ ಕತ್ತಿ ಅಲ್ಲಮನ ದೇಹದಲ್ಲಿ ಬಯಲಲ್ಲಿ ಆಡಿದಂತೆ ಆಡಿತು. ಸಾಧಕನ ಅಹಂಕಾರವೇ ಕಡೆಯ ಅಹಂಕಾರವೆಂಬ ಈ ಸೂಕ್ಷ್ಮವನ್ನು ಇಷ್ಟು ಮೂರ್ತವಾಗಿ ತೋರಿದ ಕಾವ್ಯ ಕನ್ನಡದಲ್ಲಿ ಬೇರೊಂದಿಲ್ಲ.

ಆನೆಗೊಂದಿಯ ಪರಿಸರ ಇದೇ ಪ್ರಶ್ನೆಯ ಇನ್ನೊಂದು ಮುಖವನ್ನು ಕಂಡಿತು. ಹದಿನಾಲ್ಕನೆಯ ಶತಮಾನದಲ್ಲಿ ವಿದ್ಯಾರಣ್ಯರು ‘ಜೀವನ್ಮುಕ್ತಿವಿವೇಕ’ದಲ್ಲಿ, ತತ್ತ್ವಜ್ಞಾನವೊಂದರಿಂದಲೇ ನೆಮ್ಮದಿ ದೊರೆಯದು, ವಾಸನಾಕ್ಷಯ ಮನೋನಾಶಗಳೂ ಜೊತೆಗೂಡಬೇಕೆಂದು ಪ್ರತಿಪಾದಿಸಿದರು, ವೇದಾಂತವನ್ನು ಬಲ್ಲ ಪಂಡಿತನೂ ವಾದದಲ್ಲಿ ಗೆಲ್ಲುವ ಹಟವನ್ನು ಬಿಟ್ಟಿಲ್ಲವೆಂಬುದನ್ನು ಅವರು ಚೆನ್ನಾಗಿ ಕಂಡಿದ್ದರು. ಆದರೆ ಗಂಗಾವತಿಯ ಬಳಿ, ಆನೆಗೊಂದಿಯ ನಡುಗಡ್ಡೆಯಲ್ಲಿ, ನವವೃಂದಾವನವಿರುವುದಷ್ಟೆ. ಅಲ್ಲಿ ಮಧ್ವಾಚಾರ್ಯರ ಸಾಕ್ಷಾತ್ ಶಿಷ್ಯರಾದ ಪದ್ಮನಾಭತೀರ್ಥರಿಂದ ಹಿಡಿದು ಮಂತ್ರಾಲಯದ ರಾಘವೇಂದ್ರರ ಗುರುಗಳಾದ ಸುಧೀಂದ್ರತೀರ್ಥರವರೆಗೆ ಒಂಬತ್ತು ಯತಿಗಳ ವೃಂದಾವನಗಳಿವೆ. 1539ರಲ್ಲಿ ದೇಹಬಿಟ್ಟ ವ್ಯಾಸರಾಜರು ಅವರಲ್ಲೊಬ್ಬರು. ಅದ್ವೈತವನ್ನು ಅವರ ‘ನ್ಯಾಯಾಮೃತ’ದಷ್ಟು ಸಮಗ್ರವಾಗಿ ಪರೀಕ್ಷೆಗೊಡ್ಡಿದ ಗ್ರಂಥ ವಿರಳ; ಅದಕ್ಕೆ ಸಮಾಧಾನ ಹೇಳಲು ಮಧುಸೂದನ ಸರಸ್ವತಿಗಳು ‘ಅದ್ವೈತಸಿದ್ಧಿ’ಯನ್ನೇ ರಚಿಸಬೇಕಾಯಿತು. ಐಕ್ಯವಿಚಾರದ ಚರಿತ್ರೆಯಲ್ಲಿ ಐಕ್ಯವನ್ನು ನಿರಾಕರಿಸಿದವರಿಗೆ ಸ್ಥಾನವೇಕೆಂದು ಕೇಳುವವರುಂಟು. ಹಾಗೆ ನಿರಾಕರಿಸಿದವರ ಆಕ್ಷೇಪವೇ ಈ ವಿಷಯಕ್ಕೆ ತೀರ ಹತ್ತಿರದ್ದು: ಅಲ್ಪನಾದ ಜೀವನು ತಾನೇ ಬ್ರಹ್ಮವೆನ್ನುವುದಕ್ಕಿಂತ ದೊಡ್ಡ ಅಹಂಕಾರ ಯಾವುದು? ಸ್ವತಂತ್ರನು ಹರಿಯೊಬ್ಬನೇ, ಉಳಿದುದೆಲ್ಲ ಪರತಂತ್ರವೆಂದರಿತು ದಾಸನಾಗುವುದೇ ಅವರಿಗೆ ಅಹಂಕಾರದ ಔಷಧ. ವ್ಯಾಸರಾಜರ ಶಿಷ್ಯರಾದ ಪುರಂದರದಾಸರೂ ಕನಕದಾಸರೂ ಇದನ್ನೇ ಕನ್ನಡದ ಪದವಾಗಿಸಿ ಬೀದಿಗೆ ತಂದರು. ಎಲ್ಲ ಮತಗಳೂ ಹೇಳುವುದು ಒಂದನ್ನೇ ಎಂದು ಈ ಭೇದವನ್ನು ಒರಸಿಹಾಕುವ ಇಂದಿನ ವಾಡಿಕೆ ವ್ಯಾಸರಾಜರಿಗೂ ಮಧುಸೂದನರಿಗೂ ಸಮನಾಗಿ ಅನ್ಯಾಯ ಮಾಡುತ್ತದೆ. ನಿಧಿಯಾಸೆಯ ಕಳ್ಳರು 2019ರ ಜುಲೈಯಲ್ಲಿ ವ್ಯಾಸರಾಜರ ವೃಂದಾವನವನ್ನೇ ಕೆಡವಿಹಾಕಿದರು. ಭಕ್ತರು ಅದನ್ನು ಕೂಡಲೇ ಪುನಃ ನಿಲ್ಲಿಸಿದರು.

ಸಂಸ್ಕೃತದ ಈ ವಾದಗಳಿಂದ ದೂರವಿದ್ದ ಒಕ್ಕಲಿಗನಿಗೆ ವೇದಾಂತವನ್ನು ಕೊಟ್ಟವರು ನಿಜಗುಣ ಶಿವಯೋಗಿಗಳು. ಅವರ ‘ಕೈವಲ್ಯಪದ್ಧತಿ’ ಹಾಡಿಗೊದಗಿತು, ‘ವಿವೇಕಚಿಂತಾಮಣಿ’ ಶಾಸ್ತ್ರಕ್ಕೊದಗಿತು. ಗಂಗಾವತಿಗೆ ನೆರೆಯಾದ ಸಿಂಧನೂರು ತಾಲೂಕಿನ ಅಂಬಾಮಠದ ಸಿದ್ಧಪರ್ವತದಲ್ಲಿ ತಪವಿದ್ದ ಚಿದಾನಂದಾವಧೂತರ ‘ಜ್ಞಾನಸಿಂಧು’ವೂ ಈ ಸಾಲಿನದೇ. ಇಂಥ ತತ್ತ್ವಪದಗಳನ್ನು ಕಟ್ಟಿದ ಕಡಕೋಳದ ಮಡಿವಾಳಪ್ಪನವರ ಶಿಷ್ಯಬಳಗದಲ್ಲಿ ಚೆನ್ನೂರಿನ ಜಲಾಲಸಾಹೇಬರಂತಹ ಮುಸಲ್ಮಾನರೂ ಇದ್ದರು. ಕುಷ್ಟಗಿ ತಾಲೂಕಿನ ದೋಟಿಹಾಳದಲ್ಲಿ ಅವಧೂತ ಶುಕಮುನಿಗಳ ಮಠವೂ ಜಾತ್ರೆಯೂ ಇಂದಿಗೂ ನಡೆದುಬಂದಿವೆ.

ಈ ತತ್ತ್ವಪದಗಳು ಬಾಳುವುದು ಪುಸ್ತಕದಲ್ಲಿ ಅಲ್ಲ, ಭಜನೆಯಲ್ಲಿ. ಅಮಾವಾಸ್ಯೆಯ ರಾತ್ರಿ ಗದ್ದುಗೆಯ ಮುಂದೆ ಏಕತಾರಿ, ದಮ್ಮಡಿ, ತಾಳಗಳೊಡನೆ ಕುಳಿತ ಮೇಳದಲ್ಲಿ ಒಬ್ಬನು ಪಲ್ಲವಿ ಎತ್ತಿಕೊಟ್ಟರೆ ಉಳಿದವರು ಹಿಡಿಯುತ್ತಾರೆ. ಕಡೆಯ ನುಡಿಯಲ್ಲಿ ಅಂಕಿತ ಬರುವಾಗ ಹಾಡುಗರ ಕೈ ತಾನಾಗಿ ಜೋಡಿಸಿಕೊಳ್ಳುತ್ತದೆ. ಆ ಅಂಕಿತ ಸಾಮಾನ್ಯವಾಗಿ ಕವಿಯ ಹೆಸರಲ್ಲ, ಗುರುವಿನದೋ ದೈವದ್ದೋ ಆಗಿರುತ್ತದೆ: ನಿಜಗುಣರಿಗೆ ಶಂಭುಲಿಂಗ, ಮಡಿವಾಳಪ್ಪನವರಿಗೆ ಮಹಾಂತ. ಕರ್ತೃತ್ವವನ್ನು ಬಿಟ್ಟುಕೊಡುವ ಬೋಧೆಯನ್ನು ರಚನೆಯ ನಿಯಮವನ್ನಾಗಿಯೇ ಮಾಡಿಕೊಂಡ ಕವಿಗಳು ಇವರು. ಸವಾಲ್-ಜವಾಬಿನ ಮೇಳಗಳಲ್ಲಿ ‘ನಾನು’ ಅಳಿದ ಪದಗಳಿಂದಲೇ ಎದುರಾಳಿಯನ್ನು ಮಣಿಸುವ ಹುಮ್ಮಸ್ಸು ಬೆಳಗಿನವರೆಗೂ ಇಳಿಯುವುದಿಲ್ಲವೆಂಬುದು ಬೇರೆ ಮಾತು!

ಈಚಿನ ಶತಮಾನಗಳಲ್ಲಿ ನೆರೆಯ ಸೀಮೆಗಳಲ್ಲಿ ನಡೆದ ಕಥೆಯನ್ನು ಬೇಗ ಮುಗಿಸಬಹುದು. 1929ರಲ್ಲಿ ದೇಹಬಿಟ್ಟ ಹುಬ್ಬಳ್ಳಿಯ ಸಿದ್ಧಾರೂಢರು ಜಾತಿಭೇದವೆಣಿಸದೆ ಅದ್ವೈತವನ್ನು ಬೋಧಿಸಿದರು. ವಿಜಯಪುರ ಸೀಮೆಯ ಇಂಚಗೇರಿಯಲ್ಲಿ ಭಾವೂಸಾಹೇಬ ಮಹಾರಾಜರಿಂದ ಬೆಳೆದ ಸಂಪ್ರದಾಯದ ಒಂದು ಕೊಂಬೆ ನಿಂಬಾಳದ ಗುರುದೇವ ರಾನಡೆಯವರಲ್ಲಿ ತತ್ತ್ವಶಾಸ್ತ್ರವಾಯಿತು. ಇನ್ನೊಂದು ಸಿದ್ಧರಾಮೇಶ್ವರ ಮಹಾರಾಜರ ಮೂಲಕ ಮುಂಬಯಿಯ ಬೀಡಿ ವ್ಯಾಪಾರಿ ನಿಸರ್ಗದತ್ತ ಮಹಾರಾಜರನ್ನು ಮುಟ್ಟಿ, 1973ರಲ್ಲಿ ಹೊರಬಂದ ಅವರ ಸಂವಾದಗಳ ಇಂಗ್ಲಿಷ್ ಗ್ರಂಥದಿಂದ ಲೋಕವನ್ನೆಲ್ಲ ಹಬ್ಬಿತು.

ಕೊಪ್ಪಳದ ಗವಿಮಠದಲ್ಲಿ, ಗುರುಗಳು ತಮಗಾಗಿ ಅಣಿಗೊಳಿಸಿದ ಸಮಾಧಿಯನ್ನು ಶಿಷ್ಯರಾದ ಗವಿಸಿದ್ಧೇಶ್ವರರು ಮೊದಲೇ ಪ್ರವೇಶಿಸಿದರೆಂಬ ಪ್ರತೀತಿಯುಂಟು. ಪುಷ್ಯ ಬಹುಳ ಬಿದಿಗೆಯ ತೇರಿನ ಜಾತ್ರೆಗೆ ಹಳ್ಳಿಹಳ್ಳಿಯ ಹೆಣ್ಣುಮಕ್ಕಳು ತಟ್ಟಿದ ಜೋಳದ ರೊಟ್ಟಿಗಳು ಬಂಡಿ, ಟ್ರ್ಯಾಕ್ಟರುಗಳಲ್ಲಿ ಬಂದು ದಾಸೋಹದ ರಾಶಿಯಲ್ಲಿ ಬೆರೆಯುತ್ತವೆ. ಯಾರ ಮನೆಯ ರೊಟ್ಟಿ ಯಾರ ಎಲೆಗೆ ಬಿತ್ತೆಂದು ಕೇಳುವವರಿಲ್ಲ. ಆದರೆ ಇದೇ ಜಿಲ್ಲೆಯ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರಲ್ಲಿ ದಲಿತರ ಎಳೆಯ ಮಗುವೊಂದು ಹನುಮಂತನ ಗುಡಿಯೊಳಕ್ಕೆ ಓಡಿತೆಂದು, ಗುಡಿಯ ಶುದ್ಧಿಗಾಗಿ ತಂದೆಯಿಂದ 25,000 ರೂಪಾಯಿ ಕೇಳಿದುದೂ ನಡೆಯಿತು. ಐಕ್ಯವನ್ನು ಶತಮಾನಗಳ ಕಾಲ ಹಾಡಿದ ನೆಲದಲ್ಲಿ ಇದು ನಡೆದುದನ್ನು ಸಮೀಕ್ಷೆ ಮರೆಮಾಚಬಾರದು. ಜಾತಿಯ ಅಹಂಕಾರ ಒಬ್ಬನದಲ್ಲ, ಊರಿನದು, ಅದನ್ನು ಕಳೆಯುವ ಸಾಧನೆ ಇನ್ನೂ ಮೊದಲ ಸ್ಥಲವನ್ನೂ ದಾಟಿಲ್ಲ.

ಈ ಪರಂಪರೆಯ ಬಹುಭಾಗ ಇಂದಿಗೂ ಭಜನಾಮೇಳದ ಹಿರಿಯರ ನಾಲಗೆಯಲ್ಲಿಯೂ, ಅವರು ಕೈಬರಹದಲ್ಲಿ ಇಳಿಸಿಕೊಂಡ ಪದದ ಪುಸ್ತಕಗಳಲ್ಲಿಯೂ ಇದೆ. ಈ ಜಿಲ್ಲೆಯ ಓದುಗರ ಮನೆಯಲ್ಲಿ ಅಂತಹ ಪುಸ್ತಕವಿದ್ದರೆ ದಯಮಾಡಿ ಅದರ ಪ್ರತಿ ತೆಗೆಯಿಸಿ, ಹಾಡಬಲ್ಲವರನ್ನು ಕೂರಿಸಿ ಧಾಟಿಯನ್ನೂ ಧ್ವನಿಮುದ್ರಿಸಿ ಇಡಬೇಕು.