ರಕ್ಕಸ ಕಾಳಗ: ಸಾಂಗಲಿಯ ದೀವಟಿಗೆಯಿಂದ ಸೈನಿಕ–ದೈತ್ಯ ಚಿತ್ರಗಳವರೆಗೆ

ಆಯುಧ ಹಿಡಿದ ಯೋಧ ಮತ್ತು ಮನುಷ್ಯಾತೀತ ದೈತ್ಯ ಎದುರುಬದುರಾಗಿ ಹೋರಾಡುವುದನ್ನು ಜನರ ಮುಂದೆ ಕಟ್ಟಿ ತೋರಿಸುವ ಪ್ರದರ್ಶನವೇ ರಕ್ಕಸ ಕಾಳಗ. ಈಗ ಇದರ ಮಾತೆತ್ತಿದರೆ, ಸೈನಿಕರ ತುಕಡಿಯೊಂದು ಕಾಡಿನಲ್ಲೋ ಬಂಕರಿನಲ್ಲೋ ವಿಚಿತ್ರ ಪ್ರಾಣಿಯ ಬಾಯಿಗೆ ಸಿಕ್ಕುವ ಕಡಿಮೆ ಬಂಡವಾಳದ ವೈಜ್ಞಾನಿಕ ಭಯಾನಕ ಚಿತ್ರಗಳು ನೆನಪಾಗುತ್ತವೆ. ಆದರೆ ಮಹಾರಾಷ್ಟ್ರದ ಕೃಷ್ಣಾ ತೀರದ ಸಾಂಗಲಿ, ಮಿರಜ, ಕವಲಾಪುರದ ಸೀಮೆಯಲ್ಲಿ ಈ ಚರಿತ್ರೆ ಸಿನಿಮಾ ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲೇ ತೊಡಗಿತು. ತೊಡಗಿಸಿದವರು ಕನ್ನಡದ ಭಾಗವತರಾಟದವರು, ಅಂದರೆ ಯಕ್ಷಗಾನದವರು.

1842ರಲ್ಲಿ ಉತ್ತರ ಕನ್ನಡದ ಹೊನ್ನಾವರದ ಬಳಿಯ ಕರ್ಕಿಯ ಮೇಳ ಸಾಂಗಲಿಗೆ ಬಂತು. ಸಂಸ್ಥಾನದ ದೊರೆ ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನರ ಮುಂದೆ ಆಟ ನಡೆಯಿತು. ಘಟ್ಟ ಹತ್ತಿ ಇಳಿದು ಬಂದ ಮೇಳದ ಬಳಿ ಇರುತ್ತಿದ್ದುದು ಪೆಟ್ಟಿಗೆಯಲ್ಲಿ ಹಿಡಿಸುವಷ್ಟು ವೇಷಭೂಷಣ, ಮದ್ದಳೆ, ತಾಳ, ಬಣ್ಣ. ಅಷ್ಟರಲ್ಲೇ ಲಂಕೆಯೂ ಆಗಬೇಕು, ರಾವಣನೂ ಬರಬೇಕು.

ರಾವಣ ಬರುವ ಬಗೆಯೇ ಈ ಕಲೆಯ ಜೀವಾಳ. ಯಕ್ಷಗಾನದಲ್ಲಿ ರಕ್ಕಸ ಪಾತ್ರದ ‘ಬಣ್ಣದ ವೇಷ’ ಒಮ್ಮೆಲೇ ಕಣ್ಣಿಗೆ ಬೀಳುವುದಿಲ್ಲ. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಮೊದಲು ತೆರೆಯ ಹಿಂದಿನಿಂದ ಆರ್ಭಟ ಕೇಳುತ್ತದೆ. ಆಮೇಲೆ ತೆರೆಯ ಅಂಚಿನ ಮೇಲೆ ಬೆರಳುಗಳು ಕಾಣುತ್ತವೆ, ಕೆಳಗೆ ಗೆಜ್ಜೆಯ ಕಾಲು, ಮೇಲೆ ಕಿರೀಟದ ತುದಿ. ದೀವಟಿಗೆಗೆ ರಾಳದ ಪುಡಿ ಎರಚಿದೊಡನೆ ಬೆಂಕಿ ಭುಗ್ಗೆಂದು ಎದ್ದು, ಆ ಕ್ಷಣದ ಬೆಳಕಿನಲ್ಲಿ ಮುಖ ಅರ್ಧ ತೋರಿ ಮತ್ತೆ ಕತ್ತಲಾಗುತ್ತದೆ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಮುಖವರ್ಣಿಕೆಯಲ್ಲಿ ಅಕ್ಕಿಹಿಟ್ಟು, ಸುಣ್ಣ ಕಲಸಿ ಕೆನ್ನೆಯ ಮೇಲೆ ಒಂದೊಂದಾಗಿ ಮುಳ್ಳಿನಂತೆ ಚಿಟ್ಟಿ ಇಡುತ್ತಾರೆ. ವೇಷ ಕಟ್ಟುವ ಚೌಕಿಯಲ್ಲಿ ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಅಕ್ಕಿ, ಸುಣ್ಣ, ರಾಳ, ಒಂದು ತುಂಡು ಬಟ್ಟೆ. ಖರ್ಚು ಇಷ್ಟೇ. ಮುಂದಿನ ಸಾಲಿನ ಮಕ್ಕಳು ಮಾತ್ರ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು.

ಕರ್ಕಿಯವರ ಆಟ ನೋಡಿದ ದೊರೆ, ಇಂಥದ್ದೇ ಮರಾಠಿಯಲ್ಲೂ ಆಗಲಿ, ಆದರೆ ಇನ್ನಷ್ಟು ನಯವಾಗಿ ಬರಲಿ ಎಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆ ಅವರಿಗೆ ಆ ಕೆಲಸ ಒಪ್ಪಿಸಿದರು. ಭಾವೆ ಕಟ್ಟಿದ ‘ಸೀತಾಸ್ವಯಂವರ’ 1843ರ ನವೆಂಬರ್ 5ರಂದು ಸಾಂಗಲಿಯಲ್ಲಿ ರಂಗವೇರಿತು. ಸೂತ್ರಧಾರ ಪದ ಹಾಡುವುದು, ಗಣಪತಿ–ಸರಸ್ವತಿಯರ ಪ್ರವೇಶ, ವಿದೂಷಕನ ಮಾತು, ಪಾತ್ರಧಾರಿಗಳು ಅಲ್ಲಲ್ಲೇ ಹೊಸೆದು ಆಡುವ ಸಂಭಾಷಣೆ ಎಲ್ಲದರಲ್ಲೂ ಭಾಗವತರಾಟದ ಗುರುತು ಇತ್ತು. ದೊರೆ ಬಯಸಿದ ನಯ ಎಷ್ಟು ಬಂತೋ, ರಕ್ಕಸನ ಅಬ್ಬರ ಮಾತ್ರ ಹಾಗೆಯೇ ಉಳಿಯಿತು. ಕತ್ತಿ ಝಳಪಿಸುತ್ತ, ‘ಅಲಲಲ ಡುರ್ರ್’ ಎಂದು ಕೂಗುತ್ತ ರಾಕ್ಷಸರು ನುಗ್ಗುತ್ತಿದ್ದುದರಿಂದ ಈ ಪೌರಾಣಿಕ ನಾಟಕಗಳಿಗೆ ‘ಅಲಲಡುರ್ರ್’ ನಾಟಕ ಎಂದೇ ಹೆಸರು ಬಿತ್ತು. ಮಂಡಳಿಗಳಲ್ಲಿ ದೇವ ಪಾರ್ಟಿ, ಸ್ತ್ರೀ ಪಾರ್ಟಿಗಳ ಜೊತೆಗೆ ‘ರಾಕ್ಷಸ ಪಾರ್ಟಿ’ಯೇ ಬೇರೆ ಇರುತ್ತಿತ್ತು. 1851ರಲ್ಲಿ ಅಪ್ಪಾಸಾಹೇಬರು ತೀರಿಕೊಂಡ ಮೇಲೆ ಆಶ್ರಯ ತಪ್ಪಿತು. ಟಿಕೆಟ್ಟಿನ ಹಣವನ್ನೇ ನಂಬಿ ಊರೂರು ಅಲೆದ ಭಾವೆ 1853ರಲ್ಲಿ ಮುಂಬಯಿಗೆ ಹೋಗಿ ಆಡಿದರು.

ರಕ್ಕಸನಿಗೆ ರಾಜಕೀಯದ ಮುಖ ಬಂದುದೂ ಸಾಂಗಲಿಯವರಿಂದಲೇ. ಅಲ್ಲೇ 1872ರಲ್ಲಿ ಹುಟ್ಟಿದ ಕೃಷ್ಣಾಜಿ ಪ್ರಭಾಕರ ಖಾಡಿಲಕರರ ‘ಕೀಚಕವಧ’ 1907ರಲ್ಲಿ ರಂಗಕ್ಕೆ ಬಂದಾಗ, ಕೀಚಕನಲ್ಲಿ ಜನ ವೈಸರಾಯ್ ಆಗಿದ್ದ ಲಾರ್ಡ್ ಕರ್ಜನ್‌ನನ್ನು ಕಂಡರು. ಭೀಮ ಅವನನ್ನು ಕೊಲ್ಲುವಾಗ ಎದ್ದ ಚಪ್ಪಾಳೆಯ ಅರ್ಥ ಸರ್ಕಾರಕ್ಕೆ ತಿಳಿಯದೆ ಹೋಗಲಿಲ್ಲ. 1910ರಲ್ಲಿ ನಾಟಕ ನಿಷೇಧವಾಯಿತು. ಕೀಚಕ ಪುರಾಣದ ಲೆಕ್ಕದಲ್ಲಿ ರಾಕ್ಷಸನಲ್ಲ, ವಿರಾಟನ ಮೈದುನ. ಆದರೂ ಅವನ ವಧೆ ನೋಡುಗರಿಗೆ ರಕ್ಕಸನ ವಧೆಯಷ್ಟೇ ಹಿತ ಕೊಟ್ಟಿತು.

ಇದೇ ಕಥೆ ಪರದೆಗೆ ಬಂತು. ಪಕ್ಕದ ಕೊಲ್ಹಾಪುರದಲ್ಲಿ ತಮ್ಮ ಕ್ಯಾಮೆರಾವನ್ನು ತಾವೇ ತಯಾರಿಸಿಕೊಂಡಿದ್ದ ಬಾಬುರಾವ್ ಪೇಂಟರ್ 1920ರಲ್ಲಿ ‘ಸೈರಂಧ್ರಿ’ ಮೂಕಿಚಿತ್ರ ತೆಗೆದರು. ಅದರಲ್ಲಿ ಕೀಚಕನನ್ನು ಕೊಲ್ಲುವ ದೃಶ್ಯ ಎಷ್ಟು ನಿಜವೆನಿಸಿತೆಂದರೆ ಸೆನ್ಸಾರಿನವರು ಅದಕ್ಕೆ ಕತ್ತರಿ ಹಾಕಿದರು. ಬೊಂಬೆ, ಬಣ್ಣ, ಬೆಳಕಿನ ಚಮತ್ಕಾರದಿಂದಲೇ ಅಷ್ಟು ಭಯ ಹುಟ್ಟಿಸಿದ್ದು ಭಾರತೀಯ ಚಿತ್ರರಂಗದ ಮೊದಲ ದಶಕದ ದೊಡ್ಡ ಸಾಧನೆಗಳಲ್ಲೊಂದು.

ಕವಲಾಪುರದ ಹಾದಿ ಬೇರೆ. ಅದು ಮರಾಠಿ ಜನಪದ ರಂಗಕಲೆಯಾದ ತಮಾಶಾದ ಊರು. ಅಲ್ಲಿಯ ಅವಳಿ ಸೋದರರಾದ ಕಾಳೂ–ಬಾಳೂ ‘ಜಹರಿ ಪ್ಯಾಲಾ’ ಎಂಬ ವಗನಾಟ್ಯದಲ್ಲಿ (ತಮಾಶಾದ ನಾಟಕ ಭಾಗ) ಪೊಲೀಸ್ ಹವಾಲ್ದಾರರಾಗಿ ಬಂದು ಮಹಾರಾಷ್ಟ್ರವನ್ನೆಲ್ಲ ನಗಿಸಿದರು. ಸಮವಸ್ತ್ರ ತೊಟ್ಟವನೂ ಭಯಪಡುತ್ತಾನೆ, ತಡವರಿಸುತ್ತಾನೆ ಎಂದು ತೋರಿಸಿದ ಈ ಜೋಡಿಯ ಗುಣ ಸೈನಿಕ–ದೈತ್ಯ ಚಿತ್ರಗಳಿಗೂ ಬೇಕೇ ಬೇಕು. ಹೆದರದ ಸೈನಿಕನಿದ್ದಲ್ಲಿ ದೈತ್ಯನಿಗೆ ಕೆಲಸವಿಲ್ಲ.

ಜಗತ್ತಿನ ಬೇರೆಡೆಯೂ ಕೈಯಲ್ಲಿ ಕಾಸಿಲ್ಲದಾಗ ಹೊಳೆದ ಉಪಾಯ ಇಂಥದ್ದೇ. ಜಪಾನಿನ ‘ಗೊಡ್ಜಿಲಾ’ (1954) ಚಿತ್ರದಲ್ಲಿ ಬೊಂಬೆಯನ್ನು ಚೌಕಟ್ಟು ಚೌಕಟ್ಟಾಗಿ ಚಲಿಸುವಂತೆ ಮಾಡಲು ಹಣವೂ ಸಮಯವೂ ಸಾಲದೆ, ಎಯ್ಜಿ ತ್ಸುಬುರಾಯ ಅವರು ನಟನಿಗೆ ದೈತ್ಯನ ವೇಷವನ್ನೇ ತೊಡಿಸಿದರು. ಆ ಭಾರದ ವೇಷದೊಳಗೆ ನಡೆದಾಡಿದವರು ಹರುವೋ ನಕಾಜಿಮಾ. ಅಮೆರಿಕದಲ್ಲಿ ರೋಜರ್ ಕಾರ್ಮನ್ ಕೆಲವೇ ದಿನಗಳಲ್ಲಿ ಮುಗಿಯುವ ಅಗ್ಗದ ದೈತ್ಯಚಿತ್ರಗಳ ದಾರಿ ಹಾಕಿದರು. ‘ಏಲಿಯನ್ಸ್’ (1986), ‘ಪ್ರಿಡೇಟರ್’ (1987) ದೊಡ್ಡ ಹಣದಲ್ಲಿ ಗೆದ್ದ ಮೇಲೆ, ಸೈನಿಕರ ತುಕಡಿ ಒಬ್ಬೊಬ್ಬರಾಗಿ ಕರಗುವ ಕಥೆಯನ್ನು ಸಣ್ಣ ನಿರ್ಮಾಪಕರೆಲ್ಲ ಹಿಡಿದುಕೊಂಡರು. ಅವುಗಳಲ್ಲಿ ಎತ್ತರದಲ್ಲಿ ನಿಲ್ಲುವುದು ಬ್ರಿಟನ್ನಿನ ನೀಲ್ ಮಾರ್ಷಲ್ ಅವರ ‘ಡಾಗ್ ಸೋಲ್ಜರ್ಸ್’ (2002). ಸ್ಕಾಟ್ಲೆಂಡಿನ ಕಾಡಿನಲ್ಲಿ ಕವಾಯತಿಗೆ ಬಂದ ಸೈನಿಕರು ತೋಳಮಾನವರಿಗೆ ಸಿಕ್ಕಿ ಒಂದು ಒಂಟಿ ಮನೆಯಲ್ಲಿ ರಾತ್ರಿ ಕಳೆಯುವ ಕಥೆ ಅದು. ಚಿತ್ರೀಕರಣ ನಡೆದದ್ದು ಹೆಚ್ಚಾಗಿ ಲಕ್ಸೆಂಬರ್ಗ್‌ನಲ್ಲಿ. ತೋಳಗಳ ವೇಷ ತೊಟ್ಟವರು ನೃತ್ಯಗಾರರು. ಕಿಟಕಿಯಲ್ಲಿ ಪಂಜ, ಬಾಗಿಲ ಸಂದಿನಲ್ಲಿ ಮೂತಿ, ಮಂಜಿನಲ್ಲಿ ಎತ್ತರದ ನೆರಳು. ತೆರೆ ಒಡ್ಡಿ ಬಣ್ಣದ ವೇಷ ತೋರಿಸುವುದನ್ನು ಕಂಡವರಿಗೆ ಈ ಕ್ರಮ ಹೊಸದೆನಿಸದು.

ದಕ್ಷಿಣ ಭಾರತದಲ್ಲಿ ಈ ಜಾತಿಗೆ ನೇರವಾಗಿ ಸೇರುವ ಚಿತ್ರ ಶಕ್ತಿ ಸೌಂದರ್ ರಾಜನ್ ನಿರ್ದೇಶನದ ತಮಿಳಿನ ‘ಕ್ಯಾಪ್ಟನ್’ (2022). ಆರ್ಯ ನಾಯಕನಾದ ತುಕಡಿ ಕಾಡಿನ ವಿಚಿತ್ರ ಜೀವಿಗಳೊಡನೆ ಸೆಣಸುತ್ತದೆ. ಅಲ್ಲಿ ಪ್ರಾಣಿಯನ್ನು ಗ್ರಾಫಿಕ್ಸಿನಲ್ಲಿ ಇಡಿಯಾಗಿ ತೋರಿಸಿದಷ್ಟೂ ಅಂಜಿಕೆ ಇಳಿಯುತ್ತದೆ. ಕನ್ನಡದಲ್ಲಿ ರಾಜ್‌ಕುಮಾರ್ ಮಹಿಷಾಸುರನಾದ ಬಿ.ಎಸ್. ರಂಗಾ ಅವರ ‘ಮಹಿಷಾಸುರ ಮರ್ದಿನಿ’ (1959), ಉಪೇಂದ್ರ ಯಂತ್ರಮಾನವನಾದ ‘ಹಾಲಿವುಡ್’ (2002) ಈ ದಾರಿಯ ಆಚೀಚೆ ನಿಲ್ಲುತ್ತವೆ. ತೆರೆಯ ಮರೆಯ ಆ ಗುಟ್ಟು ಬಲ್ಲ ಮೇಳಗಳು ಕರಾವಳಿಯಲ್ಲಿ ಇಂದಿಗೂ ರಾತ್ರಿಯಿಡೀ ಆಡುತ್ತಿವೆ. ಸಣ್ಣ ಬಂಡವಾಳದ ನಿರ್ದೇಶಕರು ಒಮ್ಮೆ ಚೌಕಿಗೆ ಹೋಗಿ ಕೂರಬೇಕು.

‘ಸೀತಾಸ್ವಯಂವರ’ದ ನೆನಪಿಗೆ ಪ್ರತಿ ವರ್ಷ ನವೆಂಬರ್ 5ನ್ನು ಮರಾಠಿ ರಂಗಭೂಮಿ ದಿನವೆಂದು ಆಚರಿಸುತ್ತಾರೆ. ಅಂದು ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ ಹೆಸರಿನ ಪದಕ ಕೊಡುತ್ತಾರೆ. ಆ ನಾಟಕಕ್ಕೆ ಒಂದು ವರ್ಷ ಮೊದಲು ದೀವಟಿಗೆ ಹಿಡಿದು ಆ ಊರಿಗೆ ಬಂದ ಕರ್ಕಿಯ ಮೇಳದ ಹೆಸರನ್ನೂ ಅಂದು ಕನ್ನಡಿಗರು, ಮರಾಠಿಗರು ಸೇರಿ ನೆನೆಯಬೇಕು.