ವಾಷರ್ ದ್ರವ (ಚಳಿಗಾಲದ್ದು)

ಕಾರಿನ ಮುಂಗಾಜು ತೊಳೆಯುವ ನೀರು ಹೆಪ್ಪುಗಟ್ಟದಂತೆ ಆಲ್ಕೋಹಾಲ್ ಬೆರೆಸಿ ತಯಾರಿಸಿದ ದ್ರವ. ಕೆನಡಾ, ಅಮೆರಿಕದ ಉತ್ತರ ರಾಜ್ಯಗಳು ಮತ್ತು ಉತ್ತರ ಯುರೋಪಿನಲ್ಲಿ ಇದಿಲ್ಲದೆ ಚಳಿಗಾಲದ ಹೆದ್ದಾರಿಗಿಳಿಯುವುದು ದುಸ್ಸಾಹಸವೇ ಸರಿ. ಮುಂದೆ ಹೋಗುವ ಲಾರಿ ಎರಚುವ ಉಪ್ಪುಗೆಸರು ಕ್ಷಣಮಾತ್ರದಲ್ಲಿ ಗಾಜನ್ನು ಮಸುಕಾಗಿಸುತ್ತದೆ.

ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಟ್ಯಾಂಕು ಬಿರುಕು ಬಿಡುತ್ತದೆ, ಪೈಪು ಕಳಚಿಕೊಳ್ಳುತ್ತದೆ. ಆಗ ಸ್ವಿಚ್ ಒತ್ತಿದರೆ ಪಂಪು ತಿರುಗಲಾಗದೆ ಫ್ಯೂಸ್ ಹೋಗುವುದೂ ಉಂಟು. ಆದರೆ ಮೊದಲು ಕಟ್ಟಿಕೊಳ್ಳುವುದು ಸಾಮಾನ್ಯವಾಗಿ ನಾಜಲ್‌ನ ಕಿರುರಂಧ್ರ. ಅಲ್ಲಿ ಆಲ್ಕೋಹಾಲ್ ಬೇಗ ಆವಿಯಾಗಿ ಬರೀ ನೀರು ಉಳಿಯುತ್ತದೆ. ಕೆಲವು ಕಾರುಗಳಲ್ಲಿ ನಾಜಲ್‌ಗೇ ವಿದ್ಯುತ್ ಹೀಟರ್ ಇರುವುದು ಇದಕ್ಕಾಗಿ.

ಉತ್ತರ ಅಮೆರಿಕದಲ್ಲಿ ಬಳಕೆಯಲ್ಲಿರುವುದು ಹೆಚ್ಚಾಗಿ ಅಗ್ಗದ ಮೆಥನಾಲ್. ಅದು ವಿಷ, ಕುಡಿದರೆ ಕಣ್ಣು, ಪ್ರಾಣ ಎರಡಕ್ಕೂ ಅಪಾಯ. ಶೇ. 0.6 ಅಥವಾ ಹೆಚ್ಚು ಮೆಥನಾಲ್ ಇರುವ ದ್ರವವನ್ನು ಸಾರ್ವಜನಿಕರಿಗೆ ಮಾರುವುದನ್ನು ಯುರೋಪಿಯನ್ ಒಕ್ಕೂಟ 2019ರ ಮೇ ತಿಂಗಳಿನಿಂದ ನಿಷೇಧಿಸಿದೆ. ಅಲ್ಲಿ ಎಥನಾಲ್‌ಗೆ ಬೇಡಿಕೆ.

ಬೇಸಿಗೆಯ ನೀರು ಅರ್ಧ ಉಳಿದ ಟ್ಯಾಂಕಿಗೆ ಚಳಿಗಾಲದ ದ್ರವ ಸುರಿದರೆ, ಡಬ್ಬಿಯ ಮೇಲೆ ಬರೆದಿರುವ ಮೈನಸ್ 30 ಡಿಗ್ರಿಯ ಭರವಸೆ ನೆಚ್ಚುವಂತಿಲ್ಲ. ಹಳೆಯದನ್ನು ಖಾಲಿ ಮಾಡಿ, ಹೊಸದು ಪೈಪಿನ ತುದಿ ತಲುಪುವವರೆಗೆ ಚಿಮ್ಮಿಸಬೇಕು. ರೇಡಿಯೇಟರ್ ಕೂಲೆಂಟ್ ಸುರಿಯುವವರೂ ಇದ್ದಾರೆ. ಗಾಜಿನ ಮೇಲೆ ಜಿಡ್ಡು ಕೂರುವುದಷ್ಟೇ ಅದರ ಫಲ.