ಭದ್ರಾವತಿಯ ಅದಿರು, ಶಿವಮೊಗ್ಗದ ಪ್ರಯೋಗಶಾಲೆ

ಶಿವಮೊಗ್ಗ ಸೀಮೆಯಲ್ಲಿ ರಸಾಯನಶಾಸ್ತ್ರವು ಕಾಲೇಜಿನ ಪಾಠವಾಗುವ ಮೊದಲೇ ಕಾರ್ಖಾನೆಯ ಕಸುಬಾಗಿತ್ತು. ಭದ್ರಾ ನದಿಯ ದಂಡೆಯಲ್ಲಿದ್ದ ಬೆಂಕಿಪುರದಲ್ಲಿ, ಅಂದರೆ ಮುಂದೆ ಭದ್ರಾವತಿ ಎಂದು ಹೆಸರಾದ ಊರಿನಲ್ಲಿ, ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯು 1923ರ ಜನವರಿಯಲ್ಲಿ ಕೆಲಸ ಆರಂಭಿಸಿದಾಗ, ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ ಶಿವಮೊಗ್ಗದಲ್ಲಿ ಪದವಿ ಕಾಲೇಜಿನ ಮಾತಿರಲಿ, ಇಂಟರ್‌ಮೀಡಿಯೇಟ್ ಕಾಲೇಜೂ ಇರಲಿಲ್ಲ. ಈ ಭಾಗದ ವಿಜ್ಞಾನ ಶಿಕ್ಷಣದ ಚರಿತ್ರೆಯನ್ನು ಬರೆಯುವವರು ಈ ಕಾಲಕ್ರಮವನ್ನು ಮರೆಯುವಂತಿಲ್ಲ.

ಭದ್ರಾವತಿಯ ಕಾರ್ಖಾನೆಯು ಹುಟ್ಟಿನಿಂದಲೇ ರಾಸಾಯನಿಕ ಉದ್ಯಮವಾಗಿತ್ತು. ಕೆಮ್ಮಣ್ಣುಗುಂಡಿಯ ಬೆಟ್ಟದಲ್ಲಿ ಒಳ್ಳೆಯ ಅದಿರಿದ್ದರೂ ಅದನ್ನು ಕರಗಿಸಲು ಬೇಕಾದ ಕಲ್ಲಿದ್ದಲು ಸಂಸ್ಥಾನದಲ್ಲಿ ಇರಲಿಲ್ಲ; ಬಂಗಾಳ ಬಿಹಾರಗಳಿಂದ ತರಿಸುವುದು ದುಬಾರಿ. ಆದ್ದರಿಂದ ಮಲೆನಾಡಿನ ಕಾಡಿನ ಮರವನ್ನೇ ಇದ್ದಿಲು ಮಾಡಿ ಊದುಕುಲುಮೆಗೆ ಹಾಕುವ ಯೋಜನೆ ರೂಪುಗೊಂಡಿತು. ಇದ್ದಿಲನ್ನು ಗೂಡು ಹಾಕಿ ಸುಟ್ಟರೆ ಹೊಗೆಯಲ್ಲಿ ಬೆಲೆಬಾಳುವ ಪದಾರ್ಥಗಳೆಲ್ಲ ಹಾರಿಹೋಗುತ್ತವೆ. ಅದರ ಬದಲು ಗಾಳಿ ಸೋಕದಂತೆ ಮುಚ್ಚಿದ ಕಬ್ಬಿಣದ ಪಾತ್ರೆಗಳಲ್ಲಿ ಮರವನ್ನು ಕಾಯಿಸಿ, ಹೊರಬರುವ ಆವಿಯನ್ನು ತಣಿಸಿ ಹಿಡಿದರೆ ಒಂದು ಬಗೆಯ ಹುಳಿ ದ್ರವವೂ ಮರದ ಟಾರೂ ದೊರೆಯುತ್ತವೆ. ಆ ದ್ರವವನ್ನು ಬಟ್ಟಿ ಇಳಿಸಿ ಮೀಥೈಲ್ ಆಲ್ಕೊಹಾಲನ್ನೂ, ಸುಣ್ಣ ಬೆರೆಸಿ ಅಸಿಟಿಕ್ ಆಮ್ಲದ ಲವಣವಾದ ಕ್ಯಾಲ್ಸಿಯಂ ಅಸಿಟೇಟನ್ನೂ ಬೇರ್ಪಡಿಸಬಹುದು. ಕಬ್ಬಿಣಕ್ಕೆ ಇಂಧನ ಒದಗಿಸುತ್ತಲೇ ಮಾರಾಟಕ್ಕೆ ರಾಸಾಯನಿಕಗಳನ್ನೂ ಕೊಡುವ ಈ ಮರದ ಬಟ್ಟಿ ಘಟಕವೇ ಭದ್ರಾವತಿಯ ವಿಶೇಷ. 1923ರಿಂದ 1929ರವರೆಗೆ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಉಪ ಉತ್ಪನ್ನಗಳ ಆದಾಯವೂ ಕಬ್ಬಿಣದ ಆದಾಯದಷ್ಟೇ ಚಿಂತೆಯ ವಿಷಯವಾಗಿದ್ದಿರಬೇಕು.

ಇಂಥ ಕಾರ್ಖಾನೆಗೆ ಅದಿರು, ಸುಣ್ಣಕಲ್ಲು, ಎರಕದ ಕಬ್ಬಿಣ, ಕುಲುಮೆಯ ಕಿಟ್ಟ ಇವುಗಳನ್ನೆಲ್ಲ ದಿನವೂ ಪರೀಕ್ಷಿಸುವ ರಸಾಯನತಜ್ಞರು ಬೇಕಾಗಿದ್ದರು. ಆ ಓದು ದೊರೆಯುತ್ತಿದ್ದುದು ದೂರದಲ್ಲಿ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದರ ವಿಜ್ಞಾನ ಪದವಿಯ ಮುಖ್ಯ ನೆಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜು. 1899ರಲ್ಲೇ ಶಿವಮೊಗ್ಗ ತಲುಪಿದ್ದ ಬೀರೂರು ರೈಲುಮಾರ್ಗ ಹಿಡಿದು ಹೋಗಿ, ಅಲ್ಲಿ ಹಾಸ್ಟೆಲಿನಲ್ಲೋ ನೆಂಟರ ಮನೆಯಲ್ಲೋ ಉಳಿದು ಓದಲು ಅನುಕೂಲವಿದ್ದ ಮನೆಗಳ ಹುಡುಗರಿಗೆ ಮಾತ್ರ ಅದು ನಿಲುಕುತ್ತಿತ್ತು. ಮಲೆನಾಡಿನ ಸಣ್ಣ ಹಿಡುವಳಿದಾರರ ಮತ್ತು ಗೇಣಿದಾರರ ಮಕ್ಕಳಿಗೆ ನಿಲುಕುತ್ತಿರಲಿಲ್ಲ. ಭದ್ರಾವತಿಯಲ್ಲಿ 1930ರ ದಶಕದಲ್ಲಿ ಉಕ್ಕು, ಸಿಮೆಂಟು, ಕಾಗದ ಮೂರೂ ನೆಲೆಯೂರಿದವು. ಮೈಸೂರು ಕಾಗದ ಕಾರ್ಖಾನೆಯು 1936ರಲ್ಲಿ ಸ್ಥಾಪನೆಯಾಯಿತು. ಶಿವಮೊಗ್ಗಕ್ಕೆ ಇಂಟರ್‌ಮೀಡಿಯೇಟ್ ಕಾಲೇಜು ಬಂದುದು 1940ರಲ್ಲಿ. ರಾಜ್ಯ ಏಕೀಕರಣದ ಆಸುಪಾಸಿನಲ್ಲಿ ಅದು ಪದವಿ ಕಾಲೇಜಾಗಿ, ಮುಂದೆ ಸಹ್ಯಾದ್ರಿ ಎಂಬ ಹೆಸರಿನಿಂದ ಜಿಲ್ಲೆಯಾಚೆಗೂ ಪರಿಚಿತವಾಯಿತು.

ಮೂರು ವರ್ಷಗಳ ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರವು ಭೌತಶಾಸ್ತ್ರ ಗಣಿತಗಳೊಡನೆ ಸೇರಿದರೆ ಪಿ.ಸಿ.ಎಂ., ಸಸ್ಯಶಾಸ್ತ್ರ ಪ್ರಾಣಿಶಾಸ್ತ್ರಗಳೊಡನೆ ಸೇರಿದರೆ ಸಿ.ಬಿ.ಝೆಡ್. ಎರಡೂ ಗುಂಪುಗಳಿಗೆ ಅದು ಅನಿವಾರ್ಯವಾದುದರಿಂದ ರಸಾಯನಶಾಸ್ತ್ರದ ಲ್ಯಾಬು ಸದಾ ಕಿಕ್ಕಿರಿದಿರುತ್ತಿತ್ತು. ಅಲ್ಲಿನ ಪಾಠಕ್ರಮವು ಮೈಸೂರು ವಿಶ್ವವಿದ್ಯಾಲಯದ್ದು, ಅದರ ಮೂಲ ಮಾದರಿ ಇಂಗ್ಲೆಂಡಿನದು. ಹೀಗಿದ್ದರೂ ಒಂದು ಪ್ರಯೋಗದಲ್ಲಿ ಮಾತ್ರ ಊರಿನ ಮಣ್ಣೇ ವಿದ್ಯಾರ್ಥಿಯ ಮೇಜಿಗೆ ಬರುತ್ತಿತ್ತು ಎನ್ನಬಹುದು. ಅದು ಹೆಮಟೈಟ್ ಅದಿರಿನಲ್ಲಿ ಕಬ್ಬಿಣದ ಪ್ರಮಾಣವನ್ನು ಕಂಡುಹಿಡಿಯುವ ಪ್ರಯೋಗ. ನುಣ್ಣಗೆ ಅರೆದ ಕೆಂಪು ಪುಡಿಯನ್ನು ತೂಗಿ, ಪ್ರಬಲ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಕಾಯಿಸಿ ಕರಗಿಸಿದಾಗ ಹಳದಿ ದ್ರಾವಣ ಸಿಗುತ್ತದೆ. ಅದು ಬಿಸಿಯಾಗಿರುವಾಗಲೇ ಸ್ಟ್ಯಾನಸ್ ಕ್ಲೋರೈಡನ್ನು ಹನಿಹನಿಯಾಗಿ ಬಿಡಬೇಕು. ಹಳದಿ ಮಾಯವಾದರೆ ಫೆರಿಕ್ ರೂಪದ ಕಬ್ಬಿಣವೆಲ್ಲ ಫೆರಸ್ ಆಯಿತೆಂದು ಅರ್ಥ. ಅಲ್ಲಿಂದಾಚೆಗೆ ಒಂದೆರಡು ಹನಿ ಮಾತ್ರ ಹೆಚ್ಚಿಗೆ ಬೀಳಬಹುದು. ತಣಿಸಿ ಮರ್ಕ್ಯುರಿಕ್ ಕ್ಲೋರೈಡ್ ಸುರಿದಾಗ ರೇಷ್ಮೆಯಂಥ ಬಿಳಿ ಒತ್ತರ ಬಂದರೆ ಕೆಲಸ ಸರಿಯಾಗಿದೆ. ಬೂದುಬಣ್ಣಕ್ಕೆ ತಿರುಗಿದರೆ ಕೈ ಅಳತೆ ಮೀರಿದೆ ಎಂದೇ ತಿಳಿದು, ದ್ರಾವಣವನ್ನು ಚೆಲ್ಲಿ ಮೊದಲಿನಿಂದ ಆರಂಭಿಸಬೇಕು. ಬಳಿಕ ಬ್ಯೂರೆಟ್ಟಿನಿಂದ ಪೊಟ್ಯಾಸಿಯಂ ಡೈಕ್ರೋಮೇಟ್ ಬಿಡುತ್ತ, ಗಾಜಿನ ಕಡ್ಡಿಯಿಂದ ಒಂದೊಂದೇ ಹನಿಯನ್ನು ತೆಗೆದು, ಬಿಳಿ ಹಂಚಿನ ಮೇಲೆ ಸಾಲಾಗಿಟ್ಟ ಫೆರಿಸಯನೈಡ್ ಹನಿಗಳಿಗೆ ಮುಟ್ಟಿಸಿ ನೋಡಬೇಕು. ಫೆರಸ್ ಉಳಿದಿರುವಷ್ಟು ಹೊತ್ತು ಆ ಹನಿ ಗಾಢ ನೀಲಿಯಾಗುತ್ತದೆ. ನೀಲಿ ಮೂಡದ ಮೊದಲ ಹನಿಯೇ ಟೈಟ್ರೇಶನ್ನಿನ ಕೊನೆ. ಉಕ್ಕಿನ ಕಾರ್ಖಾನೆಗಳ ಪ್ರಯೋಗಶಾಲೆಗಳು ದೀರ್ಘಕಾಲ ನೆಚ್ಚಿಕೊಂಡಿದ್ದ ವಿಧಾನವೂ ಮೂಲತಃ ಇದೇ. ಪಾದರಸದ ಲವಣಗಳು ವಿಷವೆಂಬ ಕಾರಣಕ್ಕೆ ಈಗ ಅನೇಕ ಕಡೆ ಈ ಪ್ರಯೋಗವನ್ನು ಕೈಬಿಟ್ಟಿದ್ದಾರೆ. ಆ ನಿರ್ಧಾರ ಸರಿಯಾದುದೇ. ಆದರೂ ಒಂದು ಹನಿಯ ಬೆಲೆಯನ್ನು ಕೈಗೆ ಕಲಿಸುವುದರಲ್ಲಿ ಇದಕ್ಕೆ ಸಮನಾದ ಪಾಠ ವಿರಳ.

ಕೈಯ ಕೆಲಸ ಒಲಿದಷ್ಟು ಸುಲಭವಾಗಿ ಭಾಷೆ ಒಲಿಯುತ್ತಿರಲಿಲ್ಲ. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಕುವೆಂಪು ಅವರು ಉನ್ನತ ಶಿಕ್ಷಣದಲ್ಲಿ ಕನ್ನಡಕ್ಕೆ ಸ್ಥಾನ ದೊರಕಿಸಲು ಶ್ರಮಿಸಿದರು. ಆದರೆ ವಿಜ್ಞಾನ ಪದವಿಯ ತರಗತಿಗಳಲ್ಲಿ ಇಂಗ್ಲಿಷೇ ಉಳಿಯಿತು. ತೀರ್ಥಹಳ್ಳಿ, ಹೊಸನಗರ, ಸಾಗರಗಳ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗಳು ಸಾವಯವ ರಸಾಯನಶಾಸ್ತ್ರವನ್ನು, ಅಂದರೆ ಇಂಗಾಲದ ಸಂಯುಕ್ತಗಳ ಶಾಸ್ತ್ರವನ್ನು, ಅರ್ಥಕ್ಕಿಂತ ಮೊದಲು ಬಾಯಿಪಾಠದಿಂದ ದಾಟಬೇಕಾಯಿತು. ಇದರಿಂದ ಕಳೆದುಹೋದ ಪ್ರತಿಭೆಗೆ ಲೆಕ್ಕವಿಟ್ಟವರಿಲ್ಲ.

ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಕಾಗದ ಕಾರ್ಖಾನೆಯಲ್ಲಿ ಬಿದಿರಿನ ಚಕ್ಕೆಗಳನ್ನು ಕ್ಷಾರ ದ್ರಾವಣದಲ್ಲಿ ಬೇಯಿಸಿ, ನಾರನ್ನು ಹಿಡಿದಿಟ್ಟಿರುವ ಲಿಗ್ನಿನ್ ಎಂಬ ಅಂಟನ್ನು ಕರಗಿಸಿ ತಿರುಳು ತೆಗೆಯುತ್ತಿದ್ದರು. ಕಬ್ಬಿಣದ ಕಾರ್ಖಾನೆಯಲ್ಲಿ 1950ರ ದಶಕದಲ್ಲಿ ಜೋಗದ ವಿದ್ಯುತ್ತಿನಿಂದ ನಡೆಯುವ ಕುಲುಮೆಗಳು ಬಂದಿದ್ದವು. ಪಾಠಕ್ರಮವು ಇವುಗಳನ್ನು ಬಲ್ಲಂತೆ ತೋರುವುದಿಲ್ಲ. ಬಿ.ಎಸ್ಸಿ. ಮುಗಿಸಿದವನು ಕಾರ್ಖಾನೆಯ ಲ್ಯಾಬಿಗೆ ಸೇರಿದರೆ ಅಲ್ಲಿ ಮತ್ತೆ ಮೊದಲಿನಿಂದ ಕಲಿಯಬೇಕಿತ್ತು. ಅಲ್ಲಿನ ಅನುಭವವು ಮರಳಿ ಪಠ್ಯಕ್ಕೆ ಬರುವ ದಾರಿ ಇರಲಿಲ್ಲ. ಒಂದೇ ನದಿಬಯಲಿನಲ್ಲಿದ್ದ ಈ ಎರಡು ಪ್ರಯೋಗಶಾಲೆಗಳು ಹೀಗೆ ಬೇರೆಬೇರೆಯಾಗಿಯೇ ಬೆಳೆದುದು ದೊಡ್ಡ ನಷ್ಟ.

1987ರಲ್ಲಿ ಕುವೆಂಪು ವಿಶ್ವವಿದ್ಯಾಲಯವು ಸ್ಥಾಪನೆಯಾಗಿ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಅದರ ಜ್ಞಾನಸಹ್ಯಾದ್ರಿ ಆವರಣ ಬೆಳೆದಾಗ ಈ ಅಂತರವನ್ನು ಮುಚ್ಚುವ ಅವಕಾಶ ಒದಗಿತು. ರಸಾಯನಶಾಸ್ತ್ರದ ಜೊತೆಗೆ ಕೈಗಾರಿಕಾ ರಸಾಯನಶಾಸ್ತ್ರಕ್ಕೂ ಪ್ರತ್ಯೇಕ ಸ್ನಾತಕೋತ್ತರ ವಿಭಾಗ ತೆರೆದುದು ಭದ್ರಾವತಿಯ ನೆರೆಯಲ್ಲಿರುವ ವಿಶ್ವವಿದ್ಯಾಲಯಕ್ಕೆ ತಕ್ಕ ಕೆಲಸ. ಸಹ್ಯಾದ್ರಿ ವಿಜ್ಞಾನ ಕಾಲೇಜು ಈ ವಿಶ್ವವಿದ್ಯಾಲಯದ ಘಟಕ ಕಾಲೇಜಾಯಿತು. ಆದರೆ ಕಾಲ ಮೀರಿತ್ತು. ಉಕ್ಕಿನ ಕಾರ್ಖಾನೆಯು 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ಅಧೀನಕ್ಕೆ, 1998ರಲ್ಲಿ ಅದರೊಳಕ್ಕೇ ಸೇರಿಹೋಯಿತು. ಕಾಗದ ಕಾರ್ಖಾನೆ ಕಳೆದ ದಶಕದಲ್ಲಿ ಉತ್ಪಾದನೆ ನಿಲ್ಲಿಸಿತು. 2023ರಲ್ಲಿ, ಕಬ್ಬಿಣದ ಕಾರ್ಖಾನೆಗೆ ನೂರು ತುಂಬಿದ ವರ್ಷವೇ, ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದು ಊರೇ ಬೀದಿಗಿಳಿಯಿತು.

ಇತ್ತ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಪದವಿ ನಾಲ್ಕು ವರ್ಷಕ್ಕೆ ಹಿಗ್ಗಿ, 2024ರಲ್ಲಿ ರಾಜ್ಯದ ತೀರ್ಮಾನದಂತೆ ಮತ್ತೆ ಮೂರು ವರ್ಷಕ್ಕೆ ಬಂತು. ಎರಡೂ ಬಾರಿ ಪಾಠಕ್ರಮ ತಿದ್ದಲ್ಪಟ್ಟಿತು. ರಸಾಯನಶಾಸ್ತ್ರ ಓದಿದವರ ಕಣ್ಣು ಈಗ ಬೆಂಗಳೂರಿನ ಔಷಧ ಕಂಪನಿಗಳ ಮೇಲೆ, ಇಲ್ಲವೇ ಬಿ.ಎಡ್. ಮುಗಿಸಿ ಮೇಷ್ಟ್ರಾಗುವುದರ ಮೇಲೆ. ಮರದ ಬಟ್ಟಿಯ, ಅದಿರು ಪರೀಕ್ಷೆಯ, ಬಿದಿರಿನ ತಿರುಳಿನ ದಾಖಲೆಗಳು ಮುಚ್ಚುತ್ತಿರುವ ಕಚೇರಿಗಳಲ್ಲಿ ಚದುರಿಹೋಗುವ ಮೊದಲು ಅವುಗಳನ್ನು ಶಂಕರಘಟ್ಟಕ್ಕೆ ತಂದು ಕಾಪಿಡುವ ಕೆಲಸ ಈಗಲೇ ಆಗಬೇಕು. ಜಿಲ್ಲೆಯ ರಸಾಯನ ವಿದ್ಯೆಯ ಮೊದಲ ಎರಡು ದಶಕಗಳಿಗೆ ಕಾಲೇಜಿನ ಕಡತಗಳಲ್ಲಿ ಪುರಾವೆ ಸಿಗುವುದಿಲ್ಲ.